ರೊಸೇಸಿಯಾಕ್ಕೆ ಮೂರು ಮುಲಾಮುಗಳು: ಕಾಸರಗೋಡಿನ ಸೆಕೆಯಲ್ಲಿ ಬಳಸಿ ನೋಡಿದ ಹೋಲಿಕೆ

ಕೆನ್ನೆ, ಮೂಗು, ಗದ್ದದ ಮೇಲೆ ಉರಿಯೊಂದಿಗೆ ಏಳುವ ಗುಳ್ಳೆಗಳನ್ನು ನಮ್ಮ ಬದಿಯಡ್ಕ, ಮುಳ್ಳೇರಿಯದ ಕಡೆ ಮೊಡವೆಯೆಂದೋ ಮೈಯ ಉಷ್ಣವೆಂದೋ ಹೇಳಿ ಬಿಟ್ಟುಬಿಡುತ್ತಾರೆ. ಅದು ಮುಖವನ್ನು ಕೆಂಪಾಗಿಸಿ ಗುಳ್ಳೆ ಏಳಿಸುವ ರೊಸೇಸಿಯಾ ಎಂಬ ದೀರ್ಘಕಾಲದ ಚರ್ಮದ ಕಾಯಿಲೆಯೂ ಆಗಿರಬಹುದು. ಮೊಡವೆಯಲ್ಲಿ ಕಾಣುವ ಕಪ್ಪು ತಲೆಯ ಚುಕ್ಕೆಗಳು ರೊಸೇಸಿಯಾದ ಲಕ್ಷಣವಲ್ಲ. ನಮ್ಮಂಥ ಕಂದು ಚರ್ಮದಲ್ಲಿ ಕೆಂಪು ಅಷ್ಟಾಗಿ ಎದ್ದು ಕಾಣದ ಕಾರಣ, ಮುಖ ಬಿಸಿಯೇರುವುದು, ಚುರುಗುಟ್ಟುವುದು, ಬಿಗಿಯುವುದು ಇವುಗಳಿಂದಲೇ ಕಾಯಿಲೆಯನ್ನು ಗುರುತಿಸಬೇಕಾಗುತ್ತದೆ. ಬುಡಸಮೇತ ಹೋಗದ, ಆದರೆ ಹತೋಟಿಗೆ ಬರುವ ಈ ತೊಂದರೆಗೆ ಮಂಗಳೂರಿನ ಚರ್ಮವೈದ್ಯರು ಬೇರೆ ಬೇರೆ ಹಂತಗಳಲ್ಲಿ ಬರೆದುಕೊಟ್ಟ ಮೂರು ಮುಲಾಮುಗಳನ್ನು ನಾನು ಬಳಸಿದ್ದೇನೆ.

ಮೆಟ್ರೊನಿಡಜೋಲ್ 0.75% ಜೆಲ್ ಮೂರರಲ್ಲಿ ಅತ್ಯಂತ ಸೌಮ್ಯ. ಉರಿಯಿಲ್ಲ, ಜಿಡ್ಡಿಲ್ಲ. ಆದರೆ ದಿನಕ್ಕೆರಡು ಬಾರಿ ಹಚ್ಚಬೇಕು, ಬೆಳಗ್ಗೆ ಹಚ್ಚಿದ್ದು ತೋಟಕ್ಕೆ ಇಳಿದೊಡನೆ ಬೆವರಿನಲ್ಲಿ ತೊಳೆದುಹೋಗುತ್ತಿತ್ತು. ಗುಳ್ಳೆಗಳು ಇಳಿದದ್ದೂ ಬಹಳ ನಿಧಾನವಾಗಿ.

ಅಜೆಲಾಯಿಕ್ ಆಮ್ಲದ 15% ಜೆಲ್ ಆರಂಭದಲ್ಲಿ ಚೆನ್ನಾಗಿಯೇ ಚುಚ್ಚುತ್ತದೆ. ಏಪ್ರಿಲ್‌ನ ಸೆಕೆಯಲ್ಲಿ ಒದ್ದೆ ಮುಖಕ್ಕೆ ಹಚ್ಚಿದರಂತೂ ಕೆನ್ನೆಯ ಮೇಲೆ ಇರುವೆ ಹರಿದಂತಾಗುತ್ತಿತ್ತು. ಮುಖ ತೊಳೆದು, ಫ್ಯಾನಿನ ಕೆಳಗೆ ಪೂರ್ತಿ ಒಣಗಲು ಬಿಟ್ಟು, ತೆಳುವಾಗಿ ಸವರಿದಾಗ ಆ ಚುಚ್ಚುವಿಕೆ ಸಹಿಸಬಹುದಾದ ಮಟ್ಟಕ್ಕೆ ಇಳಿಯಿತು. ಗುಳ್ಳೆ ಮಾಯ್ದ ಮೇಲೆ ಉಳಿಯುವ ಕಪ್ಪು ಕಲೆಯನ್ನು ತಿಳಿಯಾಗಿಸುವುದು ಮೂರರಲ್ಲಿ ಇದೊಂದೇ, ಮತ್ತು ನಮ್ಮ ಚರ್ಮಕ್ಕೆ ಅದು ಸಣ್ಣ ವಿಷಯವಲ್ಲ. ಗರ್ಭಿಣಿಯರಿಗೂ ವೈದ್ಯರು ಹೆಚ್ಚಾಗಿ ಇದನ್ನೇ ಆರಿಸುತ್ತಾರೆ.

ಗುಳ್ಳೆಗಳ ಮಟ್ಟಿಗೆ ನನ್ನ ಒಲವು ಐವರ್‌ಮೆಕ್ಟಿನ್ 1% ಕ್ರೀಮಿನ ಕಡೆಗೆ. ಚರ್ಮದ ರಂಧ್ರಗಳಲ್ಲಿ ವಾಸಿಸುವ ಡೆಮೊಡೆಕ್ಸ್ ಎಂಬ ಸೂಕ್ಷ್ಮ ಹುಳಗಳನ್ನು ಇದು ಕೊಲ್ಲುತ್ತದೆ, ಜೊತೆಗೆ ಉರಿಯೂತವನ್ನೂ ತಗ್ಗಿಸುತ್ತದೆ. ರಾತ್ರಿ ಮಲಗುವ ಮುನ್ನ ಹಣೆ, ಮೂಗು, ಗದ್ದ, ಎರಡೂ ಕೆನ್ನೆಗಳಿಗೆ ತಲಾ ಒಂದು ಬಟಾಣಿ ಕಾಳಿನಷ್ಟು ಇಟ್ಟು ಹರಡಿದರೆ ಮುಗಿಯಿತು; ಹಗಲಿನ ಬೆವರಿನ ಗೊಡವೆಯೇ ಇಲ್ಲ. 2015ರಲ್ಲಿ ಪ್ರಕಟವಾದ 16 ವಾರಗಳ ಪರೀಕ್ಷೆಯೊಂದರಲ್ಲಿ ಇದನ್ನು ಹಚ್ಚಿದವರ ಗುಳ್ಳೆಗಳು ಸುಮಾರು 83%, ಮೆಟ್ರೊನಿಡಜೋಲ್ ಹಚ್ಚಿದವರವು ಸುಮಾರು 74% ಇಳಿದಿದ್ದವು. ನನ್ನ ಮುಖದಲ್ಲಿ ಕಂಡ ಅಂತರವೂ ಅದೇ ದಿಕ್ಕಿನದು. ಬೆಲೆ ಮಾತ್ರ ಮೆಟ್ರೊನಿಡಜೋಲ್‌ಗಿಂತ ಹೆಚ್ಚು.

ಮುಖ ಧಗ್ಗನೆ ಬಿಸಿಯೇರುವುದನ್ನು ಮತ್ತು ಹಿಗ್ಗಿ ಕಾಣುವ ಸಣ್ಣ ರಕ್ತನಾಳಗಳನ್ನು ಈ ಮೂರೂ ಅಷ್ಟಾಗಿ ತಗ್ಗಿಸುವುದಿಲ್ಲ. ರಕ್ತನಾಳಗಳಿಗೆ ಲೇಸರ್ ಚಿಕಿತ್ಸೆ ಬೇಕಾಗುತ್ತದೆ. ಬಿಸಿಯೇರುವುದಕ್ಕೆ ನನಗೆ ನೆರವಾದದ್ದು ಕುಚ್ಚಿಲಕ್ಕಿ ಗಂಜಿಯನ್ನು ತಣಿಸಿ ಉಣ್ಣುವುದು, ಗಾಂಧಾರಿ ಮೆಣಸನ್ನು ಬಿಡುವುದು, ಹಂಡೆಯ ಕುದಿನೀರಿನ ಹಬೆಗೆ ಮುಖವೊಡ್ಡದಿರುವುದು. ಬಿಸಿಲಿಗೆ ರಾಸಾಯನಿಕ ಸನ್‌ಸ್ಕ್ರೀನ್ ಬೆವರಿನೊಂದಿಗೆ ಕಣ್ಣಿಗಿಳಿದು ಉರಿಸಿತು. ಸತುವಿನ ಆಕ್ಸೈಡ್ ಇರುವುದು ಮುಖವನ್ನು ಸ್ವಲ್ಪ ಬೂದುಬೂದಾಗಿಸಿದರೂ ಚರ್ಮಕ್ಕೆ ಹಿತವಾಗಿದೆ.

ಬಂಧುಗಳು ಕಾಳಜಿಯಿಂದಲೇ ಸೂಚಿಸುವ ಸ್ಟೀರಾಯ್ಡ್ ಬೆರೆತ ಮುಲಾಮುಗಳನ್ನು ನಾನು ಈ ಹೋಲಿಕೆಗೆ ಸೇರಿಸಿಲ್ಲ. ಅವು ಬೇಗನೆ ತಂಪೆರೆಯುತ್ತವೆ, ಬಿಟ್ಟೊಡನೆ ಕಾಯಿಲೆ ಇಮ್ಮಡಿಯಾಗಿ ಮರಳುತ್ತದೆ, ರೊಸೇಸಿಯಾ ಇಲ್ಲದವರಲ್ಲಿಯೂ ಅಂಥದ್ದೇ ತೊಂದರೆಯನ್ನು ಹುಟ್ಟಿಸಬಲ್ಲವು.

ಈಗ ರಾತ್ರಿ ಐವರ್‌ಮೆಕ್ಟಿನ್, ಕಲೆಗಳು ಹೆಚ್ಚಾದ ತಿಂಗಳುಗಳಲ್ಲಿ ವೈದ್ಯರ ಒಪ್ಪಿಗೆಯಂತೆ ಬೆಳಗ್ಗೆ ಅಜೆಲಾಯಿಕ್. ಕಣ್ಣು ಕೆಂಪಾಗಿ ಮರಳು ಬಿದ್ದಂತೆ ಒತ್ತಿದರೆ ಮುಲಾಮನ್ನು ಬದಲಿಸುತ್ತ ಕೂರದೆ ನೇರವಾಗಿ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು, ಏಕೆಂದರೆ ರೊಸೇಸಿಯಾ ರೆಪ್ಪೆಯನ್ನೂ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾವನ್ನೂ ತಾಗಬಲ್ಲದು.