ಟ್ರಿಕ್ ರೂಮ್: ಐದು ವರ್ಷ ಆಡಿದ ಮೇಲೆ ನನ್ನ ಅನಿಸಿಕೆ

ಕಬ್ಬು ಅರೆಯುವ ಕಾಲದಲ್ಲಿ ನಮ್ಮ ಮಂಡ್ಯದ ಕಡೆ ಗಾಡಿ ಓಡಿಸಿದವರಿಗೆ ಈ ಮೂವ್ ಅರ್ಥ ಮಾಡಿಸೋದು ಸುಲಭ. ಮುಂದೆ ಕಬ್ಬಿನ ಲೋಡ್ ಟ್ರ್ಯಾಕ್ಟರ್, ಹಿಂದೆ ಬೈಕು, ಕಾರು, ಬಸ್ಸು. ನಿಮ್ಮ ಇಂಜಿನ್ ಎಷ್ಟೇ ಜೋರಿರಲಿ, ಆ ಟ್ರ್ಯಾಕ್ಟರ್ ಹೋದ ಮೇಲೇ ನಿಮ್ಮ ಸರದಿ. ಪೋಕೆಮಾನ್ ಅನ್ನೋ ವಿಡಿಯೋ ಗೇಮ್‌ನಲ್ಲಿ ಕಾದಾಡುವ ಪ್ರಾಣಿಗಳು ಹಾಕುವ ಪಟ್ಟಿಗೆ ಮೂವ್ ಅನ್ನುತ್ತಾರೆ. ಟ್ರಿಕ್ ರೂಮ್ ಅನ್ನೋ ಮೂವ್ ಮಾಡುವ ಕೆಲಸವೂ ಇದೇ. ಅದನ್ನು ಹಾಕಿದರೆ ಇಡೀ ಅಂಗಳದ ನಿಯಮವೇ ತಿರುಗಿಬಿಡುತ್ತದೆ. ನಿಧಾನದವರು ಮೊದಲು, ಚುರುಕಿನವರು ಕೊನೆಗೆ.

ನಾನು ಇದನ್ನು 2020ರಿಂದ ಬಳಸುತ್ತಿದ್ದೇನೆ. ಮೊದಲು ಪೋಕೆಮಾನ್ ಸರಣಿಯ ಸ್ವೋರ್ಡ್ ಆಟದಲ್ಲಿ, ಆಮೇಲೆ ಸ್ಕಾರ್ಲೆಟ್‌ನಲ್ಲಿ. ಆಡೋದು ಹೆಚ್ಚಾಗಿ ಡಬಲ್ಸ್. ಅಂದರೆ ಆರು ಪೋಕೆಮಾನ್ ತೋರಿಸಿ, ನಾಲ್ಕು ಆರಿಸಿ, ಒಂದು ಸಲಕ್ಕೆ ಎರಡೆರಡು ಕಣಕ್ಕಿಳಿಸುವ ಆಟ. ಕಥೆ ಮುಗಿಸೋಕೆ ಮಾತ್ರ ಆಡುವವರು ಈ ಮೂವ್ ಬಿಟ್ಟುಬಿಡಿ, ಅಲ್ಲಿ ಇದರ ಅಗತ್ಯ ಬೀಳುವುದಿಲ್ಲ. ಸಿಂಗಲ್ಸ್‌ನಲ್ಲೂ ನನಗೆ ಅಷ್ಟು ದಕ್ಕಿಲ್ಲ. ಒಂದು ಸುತ್ತು ಹಾಕೋಕೆ, ಒಂದು ಸುತ್ತು ಪೋಕೆಮಾನ್ ಬದಲಿಸೋಕೆ ಹೋದರೆ ಕೈಯಲ್ಲಿ ಏನು ಉಳಿಯುತ್ತದೆ? ಡಬಲ್ಸ್‌ನಲ್ಲಿ ಮಾತ್ರ ಇದರಷ್ಟು ಪ್ರೀತಿ ನನಗೆ ಬೇರೆ ಯಾವ ಮೂವ್ ಮೇಲೂ ಇಲ್ಲ.

ಲೆಕ್ಕ ಹೀಗೆ. ಇದರ ಆಯಸ್ಸು 5 ಸುತ್ತು. ಆದರೆ ಹಾಕಿದ ಸುತ್ತೂ ಅದರಲ್ಲೇ ಸೇರಿದೆ. ಸ್ಪೀಡ್ ಎಷ್ಟೇ ಇರಲಿ, ಯಾವ ಮೂವ್ ಮೊದಲು ಅನ್ನೋದನ್ನು ಹೇಳುವ ಅಂಕೆಯೇ ಆದ್ಯತೆ. ಇದರ ಆದ್ಯತೆ ಮೈನಸ್ 7, ಹಾಗಾಗಿ ಆ ಸುತ್ತಿನಲ್ಲಿ ಎಲ್ಲರ ಮೂವ್ ಮುಗಿದ ಮೇಲೇ ಇದು ಬೀಳುತ್ತದೆ. ನಿಮಗೆ ನಿಜವಾಗಿ ಸಿಗೋದು 4 ಸುತ್ತು. ಇರುವಾಗಲೇ ಯಾರಾದರೂ ಇನ್ನೊಮ್ಮೆ ಹಾಕಿದರೆ ಅವಧಿ ಹೆಚ್ಚಾಗಲ್ಲ, ಅಲ್ಲಿಗೇ ಮುಗಿಯುತ್ತದೆ. ಇನ್ನೊಂದು ಮಾತು, ಇದು ತಿರುಗಿಸೋದು ಸ್ಪೀಡನ್ನು ಮಾತ್ರ, ಆದ್ಯತೆಯನ್ನಲ್ಲ. ಏಟು ತಡೆಯುವ ಪ್ರೊಟೆಕ್ಟ್, ಎದುರಿನವರನ್ನು ಬೆಚ್ಚಿಸಿ ಸರದಿ ತಪ್ಪಿಸುವ ಫೇಕ್ ಔಟ್ ಥರದ ಮೂವ್‌ಗಳು ಟ್ರಿಕ್ ರೂಮ್ ಒಳಗೂ ಮೊದಲೇ ಬರುತ್ತವೆ. 2006ರಲ್ಲಿ ಡೈಮಂಡ್ ಮತ್ತು ಪರ್ಲ್ ಆಟಗಳ ಜೊತೆ ಬಂದ ಮೂವ್ ಇದು. ಅದಾದ ಮೇಲೆ ಎಷ್ಟೋ ಮೂವ್‌ಗಳ ಬಲ ಏರಿಸಿದ್ದಾರೆ, ಇಳಿಸಿದ್ದಾರೆ. ಇದರ ಈ ಲೆಕ್ಕ ಮಾತ್ರ ಹಾಗೇ ಇದೆ.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಹೊಸಬರು ಮಾಡಬೇಡಿ. ಆರಕ್ಕೆ ಆರೂ ನಿಧಾನದ ಪೋಕೆಮಾನ್‌ಗಳನ್ನೇ ಕಟ್ಟಿದ್ದೆ. ಟ್ರಿಕ್ ರೂಮ್ ಬಿದ್ದ ದಿನ ಗೆಲುವು, ಬೀಳದ ದಿನ ಮೂರೇ ಸುತ್ತಿಗೆ ಆಟ ಮುಗಿಯೋದು. ಎದುರಾಳಿಗೂ ನನ್ನ ತಂಡ ನೋಡಿದ ತಕ್ಷಣ ಗೊತ್ತಾಗುತ್ತಿತ್ತು, ಮೊದಲ ಸುತ್ತಿನಲ್ಲಿ ನಾನು ಏನು ಒತ್ತುತ್ತೇನೆ ಅಂತ. ಈಗ ನನ್ನ ತಂಡದಲ್ಲಿ ನಿಧಾನದವು ಮೂರು, ಚುರುಕಿನವು ಎರಡು, ನಡುವಿನದು ಒಂದು. ಹತ್ತು ಆಟದಲ್ಲಿ ನಾಲ್ಕೈದರಲ್ಲಿ ಟ್ರಿಕ್ ರೂಮ್ ಹಾಕುವುದೇ ಇಲ್ಲ. ಆದರೂ ಅದು ಇದೆ ಅನ್ನೋ ಕಾರಣಕ್ಕೆ ಎದುರಿನವರು ಟ್ರಿಕ್ ರೂಮ್ ಥರದ ಏಟಲ್ಲದ ಮೂವ್‌ಗಳನ್ನು ತಡೆಯುವ ಟಾಂಟ್ ಒತ್ತುತ್ತಾರೆ, ಇಲ್ಲ ಇಬ್ಬರೂ ಒಂದೇ ಪೋಕೆಮಾನ್ ಮೇಲೆ ಬೀಳುತ್ತಾರೆ. ಆ ಸುತ್ತು ನನಗೆ ಪುಕ್ಕಟೆ. ಐದು ವರ್ಷದಲ್ಲಿ ಕಲಿತದ್ದರಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡೋದು ಇದಕ್ಕೇ. ಹಾಕಿದಾಗ ಎಷ್ಟು ಲಾಭವೋ, ಹಾಕದೆ ಇಟ್ಟುಕೊಂಡಾಗಲೂ ಹತ್ತಿರ ಹತ್ತಿರ ಅಷ್ಟೇ ಲಾಭ.

ಇನ್ನು ತಯಾರಿ. ನನಗೆ ತುಂಬಾ ಇಷ್ಟವಾದ ಭಾಗ ಇದು. ಬೇರೆಯವರು ಸ್ಪೀಡ್ ಜಾಸ್ತಿ ಮಾಡೋಕೆ ಒದ್ದಾಡಿದರೆ ನಾವು ಕಡಿಮೆ ಮಾಡೋಕೆ ಒದ್ದಾಡಬೇಕು. ಟಾರ್ಕೋಲ್ ಅನ್ನೋ ಕಲ್ಲಿದ್ದಲು ಆಮೆಯನ್ನೇ ತಗೊಳ್ಳಿ. ಸ್ಪೀಡಿನ ಹುಟ್ಟು ಗುಣ, ಅಂದರೆ ಹುಟ್ಟುವಾಗಲೇ ಸಿಗುವ ಸೊನ್ನೆಯಿಂದ 31ರವರೆಗಿನ ಅಂಕ, ಪೂರ್ತಿ 31 ಇದ್ದರೆ 50ನೇ ಲೆವೆಲ್‌ನಲ್ಲಿ ಅದರ ಸ್ಪೀಡ್ 40. ಹುಟ್ಟು ಗುಣ ಸೊನ್ನೆ ಇದ್ದು, ಸ್ವಭಾವವೂ ಸ್ಪೀಡ್ ತಗ್ಗಿಸುವ ಕ್ವೈಟ್ ಆದರೆ 22ಕ್ಕೆ ಇಳಿಯುತ್ತದೆ. ಆ 18 ಅಂಕದ ವ್ಯತ್ಯಾಸದಲ್ಲಿ ಎಷ್ಟೋ ನಿಧಾನದ ಪೋಕೆಮಾನ್‌ಗಳು ಕೂತಿವೆ. ಅಮೂಂಗಸ್ ಅನ್ನೋ ಅಣಬೆ ಪೋಕೆಮಾನ್‌ನ ಕನಿಷ್ಠ ಸ್ಪೀಡ್ 31. ನಿಮ್ಮ ಆಮೆ 40ರಲ್ಲೇ ಉಳಿದರೆ, ಎರಚಿದರೆ ನಿದ್ದೆ ಬರಿಸುವ ಅದರ ಪುಡಿ ನಿಮಗಿಂತ ಮುಂಚೆ ಬೀಳುತ್ತದೆ, ಅಷ್ಟೇ.

ಸ್ವಭಾವವನ್ನು ಮಿಂಟ್ ತಿನ್ನಿಸಿ ಸರಿ ಮಾಡಬಹುದು. ಹುಟ್ಟು ಗುಣವನ್ನು ಬಾಟಲ್ ಕ್ಯಾಪ್ ಕೊಟ್ಟು ಏರಿಸಬಹುದೇ ಹೊರತು ಇಳಿಸೋಕೆ ಆಗಲ್ಲ. ಹಾಗಾಗಿ ಸ್ಪೀಡ್ ಸೊನ್ನೆ ಇರುವ ತಾಯಿಯನ್ನೋ ತಂದೆಯನ್ನೋ ಹುಡುಕಲೇಬೇಕು. ಕಾಡಿನಲ್ಲಿ ಹಿಡಿದರೆ ಅಂಥದ್ದು ಸಿಗುವ ಸಾಧ್ಯತೆ 32ಕ್ಕೆ 1. ನಾನು ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುವವಳು. ಸೀಟು ಸಿಕ್ಕರೆ ಈ ಆಟ ಆಡುವ ಸ್ವಿಚ್ ಯಂತ್ರ ತೆಗೆಯುತ್ತೇನೆ. ಒಂದೊಂದೇ ಹಿಡಿಯೋದು, ಬಾಕ್ಸ್ ತೆರೆಯೋದು, ಹುಟ್ಟು ಗುಣ ತೋರಿಸುವ ಜಡ್ಜ್ ಒತ್ತಿ ಸ್ಪೀಡ್ ಸಾಲು ನೋಡೋದು. ಹನ್ನೊಂದು ದಿನ ಹೀಗೇ ಹೋಯಿತು. ಒಂದು ಸಂಜೆ ವಾಪಸ್ ಬರುವಾಗ, ಶ್ರೀರಂಗಪಟ್ಟಣದ ಹತ್ತಿರ ರೈಲು ಹೊಳೆ ದಾಟುತ್ತಿತ್ತು. ಸೇತುವೆ ಸದ್ದಿಗೆ ಯಾರ ಮಾತೂ ಕೇಳಿಸುತ್ತಿರಲಿಲ್ಲ. ಸ್ಕ್ರೀನ್ ಮೇಲೆ ಸ್ಪೀಡ್ ಪಕ್ಕದಲ್ಲಿ ‘ನೋ ಗುಡ್’ ಅಂತ ಬಂತು. ‘ನೋ ಗುಡ್’ ಅಂದರೆ ಸೊನ್ನೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ಮುಖ ನೋಡಿ, "ಏನವ್ವ, ಕೆಲ್ಸ ಸಿಕ್ತಾ?" ಅಂತ ಕೇಳಿದರು. ಅಷ್ಟು ಖುಷಿ ಆಗಿತ್ತು.

ಆ ಒಂದು ಸಿಕ್ಕರೆ ಮುಂದಿನದು ಸಲೀಸು. ಅದಕ್ಕೆ ಪವರ್ ಆಂಕ್ಲೆಟ್ ತೊಡಿಸಿ ಪಿಕ್ನಿಕ್‌ಗೆ ಬಿಟ್ಟರೆ, ಬುಟ್ಟಿಗೆ ಬೀಳುವ ಪ್ರತಿ ಮೊಟ್ಟೆಗೂ ಅದರ ಸ್ಪೀಡಿನ ಹುಟ್ಟು ಗುಣವೇ ಬಳುವಳಿಯಾಗಿ ಬರುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಎರಪ್ಷನ್‌ಗಾಗಿ. ಟಾರ್ಕೋಲ್‌ನ ಈ ಮೂವ್‌ನ ಬಲ 150. ಆದರೆ ಜೀವ ಪೂರ್ತಿ ಇದ್ದಾಗ ಮಾತ್ರ. ಅರ್ಧ ಜೀವ ಹೋದರೆ ಬಲವೂ ಅರ್ಧ. ಸಾಧಾರಣ ಆಟದಲ್ಲಿ ಆಮೆಯ ಸರದಿ ಬರೋದರೊಳಗೆ ಎರಡು ಏಟು ಬಿದ್ದಿರುತ್ತವೆ. ಟ್ರಿಕ್ ರೂಮ್‌ನಲ್ಲಿ ಅದೇ ಮೊದಲು. ಜೊತೆಗೆ ಅದು ಇಳಿದ ಕೂಡಲೇ ಬಿಸಿಲು ಬರುತ್ತದೆ, ಬೆಂಕಿಗೆ ಒಂದೂವರೆ ಪಟ್ಟು ಬಲ. ಆ ಬಿಸಿಲೂ 5 ಸುತ್ತೇ. ಮೊದಲ ಸುತ್ತಿಗೇ ಇಳಿಸಿದರೆ ಬಿಸಿಲೂ ಟ್ರಿಕ್ ರೂಮೂ ಒಟ್ಟಿಗೆ ಮುಗಿಯುತ್ತವೆ. ನಿಧಾನ ಅಂತ ಮೂಲೆಗೆ ತಳ್ಳಿದ್ದ ಪೋಕೆಮಾನ್ ಒಂದು ಇಡೀ ಆಟ ನಡೆಸೋದನ್ನು ನೋಡೋದಿದೆಯಲ್ಲ, ಅದಕ್ಕೇ ನಾನು ಈ ಮೂವ್ ಬಿಡದೆ ಇರೋದು.

ಕಷ್ಟ ಇರೋದು ಮೊದಲ ಸುತ್ತಿನಲ್ಲಿ. ಎಲ್ಲರಿಗಿಂತ ಕೊನೆಗೆ ಬೀಳುವ ಮೂವ್ ಆದ್ದರಿಂದ, ಹಾಕುವವರು ಅಲ್ಲಿವರೆಗೆ ಬದುಕಿರಬೇಕು. ಟಾಂಟ್ ಬಿದ್ದರೆ ಹೋಯಿತು, ಫೇಕ್ ಔಟ್‌ಗೆ ಬೆಚ್ಚಿದರೂ ಹೋಯಿತು. ನಾನು ನಂಬೋದು ಟ್ರಿಕ್ ರೂಮ್ ಹಾಕುವ ಹ್ಯಾಟರೀನ್ ಮತ್ತು ಅದನ್ನು ಕಾಯುವ ಹೆಣ್ಣು ಇಂಡೀಡೀ ಜೋಡಿಯನ್ನು. ಮ್ಯಾಜಿಕ್ ಬೌನ್ಸ್ ಅನ್ನೋ ಶಕ್ತಿ ಇರುವ ಹ್ಯಾಟರೀನ್ ಮೇಲೆ ಟಾಂಟ್ ಹಾಕಿದರೆ ಹಾಕಿದವರಿಗೇ ವಾಪಸ್. ಇಂಡೀಡೀ ತರುವ ಸೈಕಿಕ್ ಟೆರೇನ್ ಇರುವಾಗ ನೆಲದ ಮೇಲಿನವರಿಗೆ ಫೇಕ್ ಔಟ್ ತಟ್ಟುವುದಿಲ್ಲ. ಉಳಿದ ಏಟುಗಳನ್ನು ಫಾಲೋ ಮಿ ಅಂತ ಅದೇ ಮೈಮೇಲೆ ಎಳೆದುಕೊಳ್ಳುತ್ತದೆ. ಸ್ಕಾರ್ಲೆಟ್‌ನಲ್ಲಿ ಬಂದ ಫ್ಯಾರಿಜಿರಾಫ್ ಇನ್ನೂ ಸುಲಭ. ಆರ್ಮರ್ ಟೇಲ್ ಅನ್ನೋ ಶಕ್ತಿ ಇದ್ದರೆ ತನ್ನನ್ನೂ ಜೊತೆಗಾರನನ್ನೂ ಫೇಕ್ ಔಟ್ ಥರದ ಮೂವ್‌ಗಳಿಂದ ಕಾಯುತ್ತದೆ. ಆದರೂ ನನಗೆ ಹ್ಯಾಟರೀನ್ ಮೇಲೇ ಮನಸ್ಸು.

ಎಷ್ಟು ಸುತ್ತು ಉಳಿದಿದೆ ಅನ್ನೋದನ್ನು ವೈ ಬಟನ್ ಒತ್ತಿ ನೋಡಬಹುದು. ನೋಡಿ. ಐದನೆಯ ಸುತ್ತಿನ ಕೊನೆಗೆ ಮಾಯವಾದಾಗ ನಿಮ್ಮ ಕಡೆ ಎರಡೂ ನಿಧಾನದವೇ ನಿಂತಿದ್ದರೆ, ಅಲ್ಲಿವರೆಗೆ ಗಳಿಸಿದ್ದೆಲ್ಲ ಒಂದೇ ಸುತ್ತಿನಲ್ಲಿ ಹೋಗುತ್ತದೆ. ನಾಲ್ಕನೆಯ ಸುತ್ತಿಗೇ ಚುರುಕಿನ ಒಂದನ್ನು ಕರೆತರೋದು ನನ್ನ ರೂಢಿ.

ಭಾನುವಾರ ಮೈಸೂರಿನ ಕುವೆಂಪುನಗರದಲ್ಲಿ ಚಿಕ್ಕಮ್ಮನ ಮನೆಗೆ ಹೋದಾಗ ತಮ್ಮನ ಜೊತೆ ಆಡುತ್ತೇನೆ. ಚಿಕ್ಕಮ್ಮನ ಮಗ, ಪಿಯುಸಿ ಓದುತ್ತಾನೆ, ಕೈ ಬಲು ಚುರುಕು. ಹೋದ ತಿಂಗಳು ಅವನು ಬಲು ಚುರುಕಿನ ಫ್ಲಟರ್ ಮೇನ್ ಮತ್ತು ಫ್ಯಾರಿಜಿರಾಫ್ ಇಳಿಸಿದ. ನನ್ನದು ಹ್ಯಾಟರೀನ್, ಇಂಡೀಡೀ. ಫ್ಲಟರ್ ಮೇನ್‌ನ ಶ್ಯಾಡೋ ಬಾಲ್ ಏಟು ಇಂಡೀಡೀ ಕಡೆ ತಿರುಗಿತು, ಅದಕ್ಕೆ ಅದು ನಾಟುವುದೇ ಇಲ್ಲ. ಎಲ್ಲ ಅಂದುಕೊಂಡ ಹಾಗೇ ಇತ್ತು. ಕೊನೆಗೆ ಅವನ ಫ್ಯಾರಿಜಿರಾಫ್ ಟ್ರಿಕ್ ರೂಮ್ ಹಾಕಿತು. ಅದರ ಹಿಂದೆಯೇ ನನ್ನ ಹ್ಯಾಟರೀನ್ ಕೂಡ ಹಾಕಿತು. ಬಂದ ರೂಮ್ ಅಲ್ಲೇ ಹೋಯಿತು, ನನ್ನ ಕೈಯಿಂದಲೇ.

"ನೀನು ಹಾಕೇ ಹಾಕ್ತೀಯ ಅಂತ ಗೊತ್ತಿತ್ತು ಕಣಕ್ಕ, ಅದ್ಕೇ ನಾನೂ ಹಾಕ್ದೆ" ಅಂದ. ಆ ಆಟ ಸೋತೆ. ಅವನು ಯೋಚಿಸಿದ ರೀತಿ ನನಗೆ ಎಷ್ಟು ಹಿಡಿಸಿತು ಅಂದರೆ, ಚಿಕ್ಕಮ್ಮ ಊಟಕ್ಕೆ ಕರೆದರೂ ಇನ್ನೊಂದು ಆಟ ಆಗಲಿ ಅಂದೆ.

ಎರಡನೇ ಆಟಕ್ಕೂ ಅವನದು ಅದೇ ಜೋಡಿ. ನಾನು ಇಂಡೀಡೀ ಬದಲು ಟಾರ್ಕೋಲ್ ಇಳಿಸಿದೆ. ಮೊದಲ ಸುತ್ತು, ಎರಡಕ್ಕೂ ಪ್ರೊಟೆಕ್ಟ್. ಫ್ಲಟರ್ ಮೇನ್ ಏಟು ಗೋಡೆಗೆ ಬಡಿದ ಹಾಗಾಯಿತು. ನಾನು ಹಾಕುತ್ತೇನೆ ಅಂತಲೇ ನಂಬಿದ್ದ ತಮ್ಮನ ಫ್ಯಾರಿಜಿರಾಫ್ ಟ್ರಿಕ್ ರೂಮ್ ಹಾಕಿತು. ಈ ಸಲ ತೆಗೆಯುವವರು ಯಾರೂ ಇರಲಿಲ್ಲ.

ತಮ್ಮ ಸ್ಕ್ರೀನನ್ನು ಹತ್ತಿರ ಹಿಡಿದುಕೊಂಡ. ಫ್ಲಟರ್ ಮೇನ್ ಸ್ಪೀಡ್ 205, ನನ್ನ ಬಿಸಿಲಿಗೆ ಅದು ಇನ್ನೂ ಒಂದೂವರೆ ಪಟ್ಟು ಏರಿತ್ತು. ಏರಿದ್ದಕ್ಕೇ ಅದು ಸಾಲಿನ ಕಟ್ಟಕಡೆಗೆ ಹೋಯಿತು. ಎರಡನೇ ಸುತ್ತಿನಲ್ಲಿ 22ರ ಆಮೆ ಮೊದಲು ಎದ್ದಿತು, ಪೂರ್ತಿ ಜೀವದ ಎರಪ್ಷನ್. ಫ್ಲಟರ್ ಮೇನ್‌ಗೆ ಕೆಂಪು ಗೆರೆಯಷ್ಟು ಜೀವ ಉಳಿಯಿತು. ಅದರ ಹಿಂದೆಯೇ 30ರ ಹ್ಯಾಟರೀನ್, ಡ್ಯಾಜ್ಲಿಂಗ್ ಗ್ಲೀಮ್. ಫ್ಲಟರ್ ಮೇನ್ ತನ್ನ ಸರದಿ ಬರೋದರೊಳಗೆ ಬಿದ್ದಿತ್ತು.

ತಮ್ಮ ವೈ ಬಟನ್ ಒತ್ತಿ ನೋಡಿದ. ಅವನೇ ಹಾಕಿದ ಟ್ರಿಕ್ ರೂಮ್ ಇನ್ನೂ 3 ಸುತ್ತು ಬಾಕಿ ಇತ್ತು.