ಸಿಸ್ಕೊ ಕ್ಯಾಟಲಿಸ್ಟ್ 2960-ಎಕ್ಸ್: ಸ್ಟಾರ್ಮ್ ಕಂಟ್ರೋಲ್ ಕೆಲಸ ಮಾಡಬೇಕಾದರೆ ಮಿತಿ ಪಿಪಿಎಸ್‌ನಲ್ಲಿರಲಿ

ಆಕ್ಸೆಸ್ ಸ್ವಿಚ್ ಆಗಿ, ಅಂದರೆ ಪಿಸಿ, ಫೋನ್‌ಗಳು ನೇರವಾಗಿ ಸೇರುವ ಸ್ವಿಚ್ ಆಗಿ, 2960-ಎಕ್ಸ್ ವರ್ಷಗಟ್ಟಲೆ ತಕರಾರಿಲ್ಲದೆ ಓಡುತ್ತದೆ. ಆದರೆ ಅದರ ಸ್ಟಾರ್ಮ್ ಕಂಟ್ರೋಲ್, ಅಂದರೆ ಬ್ರಾಡ್‌ಕಾಸ್ಟ್‌ನಂಥ (ಎಲ್ಲರಿಗೂ ಹೋಗುವ) ಫ್ರೇಮ್‌ಗಳು ಒಂದು ಪೋರ್ಟ್‌ಗೆ ಮಿತಿಮೀರಿ ಬಂದರೆ ತಡೆಯುವ ಸೌಲಭ್ಯ, ಡಿಫಾಲ್ಟ್ ಆಗಿ ಆಫ್. ಆನ್ ಮಾಡಿದ ಕಡೆಯೂ ಎಲ್ಲಿಂದಲೋ ನಕಲು ಮಾಡಿದ 'ಲೆವೆಲ್ 1.00' (ಪೋರ್ಟ್ ವೇಗದ ಶೇಕಡಾ ಒಂದು) ಕುಳಿತಿರುತ್ತದೆ.

ಶೇಕಡಾ ಒಂದು ಎಂದರೆ ಎಷ್ಟು? ಗಿಗಾಬಿಟ್ ಪೋರ್ಟ್‌ನಲ್ಲಿ 64 ಬೈಟ್ ಫ್ರೇಮ್‌ಗಳು ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 14,88,000. ಅದರ ಶೇ. 1 ಅಂದರೆ 14,880 ಎಆರ್‌ಪಿ (ಈ ಐಪಿ ಯಾರದು ಎಂದು ಎಲ್ಲರನ್ನೂ ಕೇಳುವ) ಫ್ರೇಮ್‌ಗಳನ್ನು ಒಂದೇ ಪೋರ್ಟ್‌ನಿಂದ ಪ್ರತಿ ಸೆಕೆಂಡೂ ಒಳಗೆ ಬಿಟ್ಟಂತೆ. ಅದೇ ಪೋರ್ಟ್ 100 ಎಂಬಿಪಿಎಸ್‌ಗೆ ಇಳಿದರೆ ಮಿತಿ 1,488ಕ್ಕೆ ಬೀಳುತ್ತದೆ. ಸಾಲದ್ದಕ್ಕೆ ಶೇಕಡಾವಾರು ಎಣಿಕೆ ಅಂದಾಜಿನದು, ಫ್ರೇಮ್ ಗಾತ್ರಕ್ಕೆ ತಕ್ಕಂತೆ ಏರುಪೇರಾಗುತ್ತದೆ. ಹಾಗಾಗಿ ಪಿಪಿಎಸ್‌ನಲ್ಲೇ (ಸೆಕೆಂಡಿಗೆ ಎಷ್ಟು ಪ್ಯಾಕೆಟ್ ಎಂದು) ಬರೆಯಿರಿ:

ಸ್ಟಾರ್ಮ್-ಕಂಟ್ರೋಲ್ ಬ್ರಾಡ್‌ಕಾಸ್ಟ್ ಲೆವೆಲ್ ಪಿಪಿಎಸ್ 500 300

ಒಂದು ಪಿಸಿ, ಒಂದು ಫೋನ್ ಇರುವ ಪೋರ್ಟ್‌ಗೆ ಇದು ಧಾರಾಳವಾಯಿತು. ಬೇರೆ ಪೋರ್ಟ್‌ಗಳಿಗೆ ಮೊದಲು 'ಕ್ಲಿಯರ್ ಕೌಂಟರ್ಸ್' ಕೊಟ್ಟು, ಬೆಳಿಗ್ಗೆ ಎಲ್ಲರೂ ಲಾಗಿನ್ ಆಗುವ ಹೊತ್ತಿನಲ್ಲಿ 'ಶೋ ಇಂಟರ್‌ಫೇಸಸ್ ಕೌಂಟರ್ಸ್'ನ ಒಳಬರುವ ಬ್ರಾಡ್‌ಕಾಸ್ಟ್ ಕಾಲಂ ನೋಡಿ. ಸೆಕೆಂಡಿಗೆ ಕಂಡ ಗರಿಷ್ಠದ ಕೆಲವು ಪಟ್ಟು ಸಾಕು. ನಿಜವಾದ ಲೂಪ್ (ಕೇಬಲ್ ಸುತ್ತಿನಲ್ಲಿ ಫ್ರೇಮ್‌ಗಳು ಕೊನೆಯಿಲ್ಲದೆ ತಿರುಗುವುದು) ಈ ಮಿತಿಗಳನ್ನೆಲ್ಲ ಕ್ಷಣದಲ್ಲಿ ದಾಟುತ್ತದೆ.

ಎರಡನೆಯ ಸಂಖ್ಯೆಯನ್ನು ಬಿಡಬೇಡಿ. ಬಿಟ್ಟರೆ ತಡೆಯುವ ಮಿತಿಯೂ ತೆರೆಯುವ ಮಿತಿಯೂ ಒಂದೇ ಆಗುತ್ತದೆ. ಸ್ವಿಚ್ ಒಂದೊಂದು ಸೆಕೆಂಡಿಗೆ ಎಣಿಸುವುದರಿಂದ ಪೋರ್ಟ್ ತಡೆ-ತೆರೆ ಎಂದು ಹೊಯ್ದಾಡುತ್ತದೆ. ತಡೆದ ಹೊತ್ತಿನಲ್ಲಿ ಹೆಚ್ಚುವರಿಯಷ್ಟೇ ಅಲ್ಲ, ಆ ಪೋರ್ಟ್‌ನ ಬ್ರಾಡ್‌ಕಾಸ್ಟ್ ಪೂರ್ತಿ ಬಿದ್ದುಹೋಗುತ್ತದೆ. ಐಪಿ ವಿಳಾಸ ಕೇಳುವ ಡಿಎಚ್‌ಸಿಪಿ ವಿನಂತಿಯೂ ಅದರಲ್ಲೇ ಹೋಗುತ್ತದೆ. 'ಆಗಾಗ ಐಪಿ ಸಿಗುತ್ತಿಲ್ಲ' ಎಂಬ ದೂರು ಬಂದಾಗ ಇಲ್ಲಿಯೂ ಹುಡುಕಬೇಕು.

ಅಪ್‌ಲಿಂಕ್‌ಗೆ (ಮೇಲಿನ ನೆಟ್‌ವರ್ಕ್‌ಗೆ ಹೋಗುವ ಪೋರ್ಟ್‌ಗೆ) ಹಾಕಲೇಬೇಡಿ. ಅಲ್ಲಿ ತಡೆ ಬಿದ್ದರೆ ಹೊರಗಿನಿಂದ ಬರುವ ಎಆರ್‌ಪಿ ವಿನಂತಿಗಳು ಇಡೀ ಸ್ವಿಚ್‌ಗೇ ನಿಲ್ಲುತ್ತವೆ. ಮಲ್ಟಿಕಾಸ್ಟ್ (ಒಂದು ಗುಂಪಿಗೆ ಹೋಗುವ ಫ್ರೇಮ್‌ಗಳ) ಮಿತಿ ದಾಟಿದರೆ ಸ್ವಿಚ್‌ಗಳು ತಮ್ಮೊಳಗೆ ಕಳಿಸಿಕೊಳ್ಳುವ ಬಿಪಿಡಿಯು, ಸಿಡಿಪಿಯಂಥ ನಿಯಂತ್ರಣ ಫ್ರೇಮ್‌ಗಳು ಉಳಿಯುತ್ತವೆ, ರೂಟರ್‌ಗಳು ದಾರಿ ಹಂಚಿಕೊಳ್ಳುವ ಓಎಸ್‌ಪಿಎಫ್ ಉಳಿಯುವುದಿಲ್ಲ. ಐಪಿವಿ6 ನೆರೆಹೊರೆ ಹುಡುಕಾಟವೂ ಮಲ್ಟಿಕಾಸ್ಟೇ, ಆದ್ದರಿಂದ ಅಲ್ಲಿ ಕೈ ಸಡಿಲವಿರಲಿ. ಯುನಿಕಾಸ್ಟ್ (ಒಂದೇ ಯಂತ್ರಕ್ಕೆ ಹೋಗುವ ಫ್ರೇಮ್‌ಗಳ) ಮಿತಿ ಬೇಡವೇ ಬೇಡ: ಮಾಮೂಲಿ ಫೈಲ್ ಕಾಪಿಯೂ ಲೆಕ್ಕಕ್ಕೆ ಬಂದು ಬ್ಯಾಕಪ್ ನಿಲ್ಲುತ್ತದೆ.

ಇದು ಬಿಪಿಡಿಯು ಕಳಿಸಿ ಲೂಪ್ ಪತ್ತೆಹಚ್ಚಿ ಮುಚ್ಚುವ ಸ್ಪ್ಯಾನಿಂಗ್ ಟ್ರೀಗೆ ಬದಲಿಯಲ್ಲ. ಬಿಪಿಡಿಯು ಬಂದ ಪೋರ್ಟನ್ನು ಮುಚ್ಚುವ ಬಿಪಿಡಿಯು ಗಾರ್ಡ್ ಇದ್ದೇ ಇರಬೇಕು. ಆದರೆ ಮೇಜಿನ ಕೆಳಗಿನ ಅಗ್ಗದ ಸ್ವಿಚ್ ಬಿಪಿಡಿಯು ನುಂಗಿಬಿಟ್ಟು, ಅದರಲ್ಲೇ ಯಾರೋ ಕೇಬಲ್‌ನ ಎರಡೂ ತುದಿ ಚುಚ್ಚಿದಾಗ ನೆಟ್‌ವರ್ಕ್ ಉಳಿಸುವುದು ಸ್ಟಾರ್ಮ್ ಕಂಟ್ರೋಲ್. ಈ ಒಂದು ಕಾರಣಕ್ಕೇ ಪ್ರತಿ ಆಕ್ಸೆಸ್ ಪೋರ್ಟ್‌ನಲ್ಲೂ ಇದು ಇರಬೇಕು ಎನ್ನುತ್ತೇನೆ.

'ಆ್ಯಕ್ಷನ್ ಶಟ್‌ಡೌನ್' ಕೊಟ್ಟರೆ ಪೋರ್ಟ್ ಎರರ್-ಡಿಸೇಬಲ್ ಆಗುತ್ತದೆ (ಸ್ವಿಚ್ ಅದನ್ನು ಪೂರ್ತಿ ಮುಚ್ಚುತ್ತದೆ), ಪಿಸಿಯ ಜೊತೆ ಫೋನೂ ಸಾಯುತ್ತದೆ. ತಾನಾಗಿ ಏಳಬೇಕಾದರೆ 'ಎರರ್‌ಡಿಸೇಬಲ್ ರಿಕವರಿ ಕಾಸ್ ಸ್ಟಾರ್ಮ್-ಕಂಟ್ರೋಲ್' ಸೇರಿಸಬೇಕು. ಡಿಫಾಲ್ಟ್ ಕಾಯುವಿಕೆ 300 ಸೆಕೆಂಡ್. ಆದರೆ ಲೂಪ್ ತೆಗೆಯದಿದ್ದರೆ ಎದ್ದ ಕೂಡಲೇ ಮತ್ತೆ ಬೀಳುತ್ತದೆ. ಬರೀ ಫಿಲ್ಟರ್ (ಪೋರ್ಟ್ ಮುಚ್ಚದೆ ಫ್ರೇಮ್ ಮಾತ್ರ ತಡೆಯುವುದು) ಜೊತೆ, ಎಚ್ಚರಿಕೆ ಸಂದೇಶ ಕಳಿಸುವ 'ಆ್ಯಕ್ಷನ್ ಟ್ರ್ಯಾಪ್' ನನಗೆ ಮೇಲು. ಲಾಗ್ ಹೇಳುವುದು ಪೋರ್ಟ್ ಸಂಖ್ಯೆಯನ್ನು, ಸಾಧನವನ್ನಲ್ಲ. ಶಟ್‌ಡೌನ್ ಆದರೆ ಆ ಪೋರ್ಟ್ ಕಲಿತ ಮ್ಯಾಕ್ ವಿಳಾಸಗಳೂ (ಸಾಧನಗಳ ಯಂತ್ರಾಂಶ ಗುರುತು) ಅಳಿದುಹೋಗುತ್ತವೆ, ಯಾರ ಯಂತ್ರ ಎಂದು ಹಿಡಿಯಲು ಏನೂ ಉಳಿಯುವುದಿಲ್ಲ. ಫಿಲ್ಟರ್‌ನಲ್ಲಿ ಲಿಂಕ್ ಎದ್ದೇ ಇರುವುದರಿಂದ 'ಶೋ ಮ್ಯಾಕ್ ಅಡ್ರೆಸ್-ಟೇಬಲ್ ಇಂಟರ್‌ಫೇಸ್' ಕೊಟ್ಟು ನೋಡಬಹುದು.