ಸಪ್ತಾಪುರದ ಶನಿವಾರದ ಚರ್ಚಾ ತರಗತಿ: ಸೇರಬಹುದಾ?

ಧಾರವಾಡದಲ್ಲಿ ಕೋಚಿಂಗ್ ಕ್ಲಾಸುಗಳಿಗೇನು ಬರ ಇಲ್ಲ. ಸಪ್ತಾಪುರದಲ್ಲಿ ಎತ್ತ ನೋಡಿದರೂ ಕೆಎಎಸ್, ಪಿಎಸ್ಐ, ಎಫ್‌ಡಿಎ ಬೋರ್ಡುಗಳೇ. ಅಲ್ಲಿನ ಒಂದು ಸಂಸ್ಥೆ ಶನಿವಾರ ಸಂಜೆ ನಡೆಸುವ ಚರ್ಚಾ ತರಗತಿ ಬಗ್ಗೆ ಬರೆಯಲೇಬೇಕು ಅನ್ನಿಸಿತು. ಪ್ರಬಂಧ ಪತ್ರಿಕೆಗೆ ಓದುವವರಂತೂ ತಪ್ಪಿಸಬೇಡಿ.

ಮೊನ್ನೆಯ ವಿಷಯ, ಕ್ಯಾಟಲೋನಿಯಾ ಸ್ಪೇನ್‌ನಿಂದ ಬೇರೆಯಾಗಬೇಕೇ? ಸ್ಟೀಲ್ ಡಬ್ಬಿಯಿಂದ ಚೀಟಿ ಎತ್ತಬೇಕು, ಬಂದ ಪಕ್ಷವನ್ನೇ ವಾದಿಸಬೇಕು. ಅರ್ಧ ಹೊತ್ತಿಗೆ ಗಂಟೆ ಹೊಡೆದು ಪಕ್ಷ ಅದಲು ಬದಲು ಮಾಡಿಸುತ್ತಾರೆ. ಪರವಾಗಿ ಎದ್ದ ಹಾವೇರಿಯ ಹುಡುಗ ಚೆನ್ನಾಗಿ ತಯಾರಾಗಿದ್ದ. ಅವರಿಗೆ ಸ್ವಂತ ಭಾಷೆ ಇದೆ, ಸ್ವಂತ ಸಂಸತ್ತಿದೆ, ಕಟ್ಟುವ ತೆರಿಗೆ ಜಾಸ್ತಿ ವಾಪಸ್ ಬರುವುದು ಕಡಿಮೆ ಅನ್ನುವ ಸಿಟ್ಟಿದೆ, 2017ರ ಅಕ್ಟೋಬರ್ 1ರಂದು ಮತ ಹಾಕಲು ಹೋದವರ ಮೇಲೆ ಪೊಲೀಸರು ಲಾಠಿ ಬೀಸಿದರು, ಆದರೂ ಶೇ 90ರಷ್ಟು ಮತ ಬೇರೆಯಾಗುವುದಕ್ಕೇ ಬಿತ್ತು ಅಂದ. ಎದುರಿದ್ದ ಹುಡುಗಿ ಕೇಳಿದ್ದು ಇಷ್ಟೇ: ಮತ ಹಾಕಿದವರು ಎಷ್ಟು ಜನ? ಶೇ 43. ಬೇಡ ಅನ್ನುವವರಲ್ಲಿ ಬಹಳ ಮಂದಿ ಆ ಕಡೆ ಹೋಗಿರಲೇ ಇಲ್ಲ.

ಸರ್ ತೀರ್ಪು ಕೊಡುವುದಿಲ್ಲ, ಅದೇ ನನಗೆ ಇಷ್ಟ. ಬೋರ್ಡಿನ ಮೇಲೆ 50.58, 49.42 ಅಂತ ಬರೆದರು. 1995ರ ಮತದಾನದಲ್ಲಿ ಕ್ವಿಬೆಕ್ ಪ್ರಾಂತ್ಯ ಕೆನಡಾದಲ್ಲೇ ಉಳಿದದ್ದು ಇಷ್ಟು ಸಣ್ಣ ಅಂತರದಲ್ಲಿ. ಅದಕ್ಕೂ ಕೆಲವು ದಿನ ಮೊದಲು ಉತ್ತರ ಕ್ವಿಬೆಕ್‌ನ ಕ್ರೀ ಮೂಲನಿವಾಸಿಗಳು ತಮ್ಮದೇ ಮತದಾನ ನಡೆಸಿ, ಶೇ 96ರಷ್ಟು ಜನ ಕೆನಡಾ ಬಿಡುವುದಿಲ್ಲ ಅಂದಿದ್ದರು. ಹಾಗಾದರೆ ಬೇರೆಯಾಗುವ ನಾಡಿನೊಳಗಿನ ಸಣ್ಣ ಜನಾಂಗದ ಮಾತಿಗೆ ಬೆಲೆ ಎಷ್ಟು? ಈ ಪ್ರಶ್ನೆಗೆ ಜವಾಬು ಇಲ್ಲದ ಪ್ರತ್ಯೇಕತೆಯನ್ನು ನಾನಂತೂ ಒಪ್ಪಲಾರೆ. ಸ್ಕಾಟ್ಲೆಂಡ್ ದಾರಿಯೇ ಸರಿ. ಮೊದಲು ಬ್ರಿಟನ್, ಸ್ಕಾಟ್ಲೆಂಡ್ ಎರಡೂ ಸರ್ಕಾರ ಕೂತು ಒಪ್ಪಂದ ಮಾಡಿಕೊಂಡವು, 2014ರಲ್ಲಿ ಶೇ 84.6 ಮತದಾನ ಆಯಿತು, ಶೇ 55 ಬೇಡ ಅಂದರು. ಇನ್ನು ದಕ್ಷಿಣ ಸುಡಾನ್ ನೋಡಿ, 2011ರಲ್ಲಿ ಸುಮಾರು ಶೇ 99 ಮತ ಪಡೆದು ಬೇರೆಯಾಯಿತು, 2013ರ ಡಿಸೆಂಬರ್‌ನಲ್ಲಿ ಅದರೊಳಗೇ ಯುದ್ಧ ಶುರುವಾಯಿತು.

ನಡುವೆ ಯಾರೋ ನಮ್ಮ ಉತ್ತರ ಕರ್ನಾಟಕದ್ದೂ ಇದೇ ಕಥೆ ಅಂದರು. ಸರ್ ಅಲ್ಲೇ ತಡೆದರು. ಪ್ರತ್ಯೇಕ ರಾಜ್ಯ ಕೇಳುವುದು ದೇಶದೊಳಗಿನ ಮಾತು, ಸಂವಿಧಾನದ 3ನೇ ವಿಧಿ ಸಂಸತ್ತಿಗೆ ಆ ಅಧಿಕಾರ ಕೊಟ್ಟಿದೆ. ದೇಶ ಬಿಟ್ಟು ಹೋಗುವುದು ಬೇರೆಯೇ ವಿಷಯ. ಇಷ್ಟು ಬಿಡಿಸಿ ಹೇಳುವವರು ಸಿಗುವುದು ಕಷ್ಟ, ಕೊಟ್ಟ ಫೀ ಇದಕ್ಕೇ ವಸೂಲಾಯಿತು.

ಕೊರತೆಯೂ ಇದೆ. ಕೊಡುವ ನೋಟ್ಸ್ ಎಲ್ಲಾ ಇಂಗ್ಲಿಷ್. ಗದಗ, ಹಾವೇರಿ ಹಳ್ಳಿಗಳಿಂದ ಬಂದು ಕನ್ನಡ ಮಾಧ್ಯಮದಲ್ಲಿ ಓದಿದವರು ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಅವರ ಸರದಿ ಮುಗಿದಿರುತ್ತದೆ, ಇದು ಅನ್ಯಾಯ ಅಲ್ವಾ? ಮಾತು ಬಲ್ಲ ನಾಲ್ಕೈದು ಜನರ ಕೈಯಲ್ಲೇ ಮೈಕ್ ಉಳಿಯುತ್ತದೆ. ಕನ್ನಡ ನೋಟ್ಸ್ ಮಾಡಿ ಅಂತ ನಾವು ಕೆಲವರು ಬರೆದು ಕೊಟ್ಟಿದ್ದೇವೆ. ಸೇರುವವರು ನೀವೂ ಕೇಳಿ. ಫೀ ಕಟ್ಟುವ ಮೊದಲು ಒಂದು ಶನಿವಾರ ಸುಮ್ನೆ ಕೂತು ಕೇಳಲು ಬಿಡುತ್ತಾರೆ.